ಪ್ರಶ್ನೋತ್ತರ: ವಿಯೆಟ್ನಾಂ ಅಜ್ಜಿಯ ತಲೆನೋವು, ನಿದ್ದೆ, ಮನಸ್ಸು

ಪ್ರಶ್ನೆ: ಮೇಡಂ, ನಮಸ್ತೆ. ನಾನು ಅಮೆರಿಕದ ಸ್ಯಾನ್ ಹೊಸೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುತ್ತೇನೆ. ಇಲ್ಲಿ ವಿಯೆಟ್ನಾಂನವರು ತುಂಬಾ ಇದ್ದಾರೆ, ಗೊತ್ತಲ್ವಾ. ಒಬ್ಬ ಅಜ್ಜಿ, ಎಪ್ಪತ್ತು ದಾಟಿದೆ. ಗಂಡ ಅಲ್ಲಿ ಸೈನ್ಯದಲ್ಲಿದ್ದು ವರ್ಷಗಟ್ಟಲೆ ಜೈಲಿನಂಥ ಶಿಬಿರದಲ್ಲಿದ್ದರಂತೆ, 1990ರ ದಶಕದಲ್ಲಿ ಇಬ್ಬರೂ ಇಲ್ಲಿಗೆ ಬಂದರು, ಈಗ ಗಂಡ ಇಲ್ಲ. ನಾನು ಹೋಗೋದು ಮಂಡಿನೋವಿಗೆ, ಆದರೆ ಅಜ್ಜಿ ಹೇಳೋದೆಲ್ಲ ತಲೆನೋವು, ತಲೆಸುತ್ತು, ಎದೆಭಾರ, ನಿದ್ದೆ ಇಲ್ಲ ಅಂತ. ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ನಾರ್ಮಲ್. ಕಳೆದ ವಾರ ಬೆನ್ನಿನ ತುಂಬ ಕೆಂಪು ಬರೆ ನೋಡಿ ಗಾಬರಿಯಾಯಿತು. ಹದಿಮೂರು ವರ್ಷದ ಮೊಮ್ಮಗನ ಕೈಲಿ ‘ಡಿಪ್ರೆಷನ್ ಇದೆಯಾ’ ಅಂತ ಕೇಳಿಸಿದೆ. ಅಜ್ಜಿ ಮುಖ ತಿರುಗಿಸಿಬಿಟ್ಟರು.

ಉತ್ತರ (ಮನೋವೈದ್ಯೆ): ಮೊದಲು ಆ ಬರೆ ವಿಷಯ. ಬೆನ್ನುಮೂಳೆಯ ಎರಡೂ ಕಡೆ, ಪಕ್ಕೆಲುಬಿನ ಗುಂಟ ಒಂದೇ ಸಮನಾಗಿದ್ದರೆ ಅದು ಬಹುತೇಕ ‘ಕಾವ್ ಯೊ’. ಮುಲಾಮೋ ಎಣ್ಣೆಯೋ ಹಚ್ಚಿ ನಾಣ್ಯದಿಂದ ಉಜ್ಜುವ ಮನೆಮದ್ದು. ಶೀತ, ತಲೆನೋವು, ಮೈಕೈ ನೋವಿಗೆ ಮಾಡುತ್ತಾರೆ, ಕೆಲವು ದಿನಕ್ಕೆ ಮಾಸುತ್ತದೆ. ಯಾರು ಉಜ್ಜಿದರು, ಅವತ್ತು ಏನಾಗಿತ್ತು ಅಂತ ಕೇಳಿ. ಮಾತು ಅಲ್ಲಿಂದಲೇ ಶುರುವಾಗಲಿ.

ಮನಸ್ಸಿನ ಕಾಯಿಲೆ ಅಂದರೆ ಹುಚ್ಚು, ಮನೆತನಕ್ಕೇ ಅವಮಾನ ಅನ್ನೋ ಭಯ ಆ ಪೀಳಿಗೆಯಲ್ಲಿ ಬಹಳ. ನಮ್ಮ ಊರಲ್ಲೂ ಹಾಗೇ ಅಲ್ವಾ? ಆದ್ದರಿಂದ ಸಂಕಟ ಮೈಮೂಲಕ ಬರುತ್ತದೆ. ಅದು ನಾಟಕ ಅಲ್ಲ, ನೋವು ನಿಜವಾದದ್ದೇ. 1982ರಲ್ಲಿ ಇಲ್ಲಿಯದೇ ಆರಿಗನ್ ರಾಜ್ಯದ ಮನೋವೈದ್ಯ ಕಿನ್ಜಿ ಮತ್ತು ಜೊತೆಗಾರರು ವಿಯೆಟ್ನಾಮೀಸ್ ಭಾಷೆಯಲ್ಲೇ ಖಿನ್ನತೆಯ ಪ್ರಶ್ನಾವಳಿ ಮಾಡಿದಾಗ ಮೈಯ ಲಕ್ಷಣಗಳನ್ನೂ ಸೇರಿಸಿದ್ದು ಇದಕ್ಕೇ. ‘ಡಿಪ್ರೆಷನ್’ ಬಿಡಿ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರ ಆಗುತ್ತೆ, ಆಮೇಲೆ ಏನು ಯೋಚನೆ ಬರುತ್ತೆ, ಊಟ ಸೇರುತ್ತಾ, ಪಗೋಡಾಕ್ಕೋ ಚರ್ಚಿಗೋ ಹೋಗುವುದು ನಿಂತಿದೆಯಾ, ಇದನ್ನು ಕೇಳಿ.

ಮೊಮ್ಮಗನನ್ನು ಮಾತ್ರ ದಯವಿಟ್ಟು ನಡುವೆ ಕೂರಿಸಬೇಡಿ. ಆ ಮಗುವಿನ ಎದುರು ಅಜ್ಜಿ ಏನನ್ನೂ ಹೇಳಲ್ಲ. ಹೇಳಿದರೆ ಆ ಭಾರ ಮಗು ಹೊರಬೇಕು. ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಏಜೆನ್ಸಿಗಳು ತರಬೇತಾದ ದುಭಾಷಿಯನ್ನು ಪುಕ್ಕಟೆ ಒದಗಿಸಲೇಬೇಕು, ಫೋನಿನಲ್ಲಾದರೂ ಸರಿ. ನಿಮ್ಮ ಆಫೀಸಿನಲ್ಲಿ ಗಟ್ಟಿಯಾಗಿ ಕೇಳಿ.

ಇನ್ನು ಗಂಡನ ಶಿಬಿರ. 1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್ ಬಿದ್ದಮೇಲೆ ಸೋತ ಕಡೆಯ ಅಧಿಕಾರಿಗಳನ್ನು ವಿಚಾರಣೆಯೇ ಇಲ್ಲದೆ ‘ಮರುಶಿಕ್ಷಣ’ ಶಿಬಿರಕ್ಕೆ ಹಾಕಿದರು. ಅಲ್ಲಿ ಮೂರು ವರ್ಷವೋ ಅದಕ್ಕಿಂತ ಹೆಚ್ಚೋ ಕಳೆದವರನ್ನು ಅಮೆರಿಕ ಆಮೇಲೆ ಕರೆಸಿಕೊಂಡಿತು. ಅಷ್ಟು ವರ್ಷ ಹೊರಗೆ ಒಬ್ಬರೇ ಮಕ್ಕಳನ್ನು ಸಾಕಿದ್ದು ಇಂಥ ಹೆಂಡತಿಯರೇ, ಅವರ ಕಷ್ಟವನ್ನು ಕೇಳಿದವರು ಕಡಿಮೆ. ಕೆದಕಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಏಪ್ರಿಲ್ ಬಂತೆಂದರೆ ಕೆಲವರಿಗೆ ನಿದ್ದೆ ಇನ್ನೂ ಕೆಡುತ್ತದೆ, ಅದನ್ನು ಗಮನಿಸಿ.

ಇನ್ನೊಬ್ಬರ ಪ್ರಶ್ನೆ: ಯುದ್ಧ ನೋಡದವರಿಗೂ ಹೀಗಾಗುತ್ತಾ? ನಾನು ಹೋಗುವ ನೇಲ್ ಸಲೂನಿನಾಕೆ ಮೊನ್ನೆ ಮೊನ್ನೆ ಬಂದವರು, ಅಲ್ಲಿ ಟೀಚರ್ ಆಗಿದ್ದರಂತೆ. ಸದಾ ಸುಸ್ತು, ಕಣ್ಣಲ್ಲಿ ನೀರು.

ಉತ್ತರ: ಖಂಡಿತ ಆಗುತ್ತದೆ. ಒಡಹುಟ್ಟಿದವರು ಅರ್ಜಿ ಹಾಕಿದರೆ ವೀಸಾ ಬರೋಕೆ ಹದಿನೈದು ವರ್ಷಕ್ಕೂ ಜಾಸ್ತಿ ಬೇಕು. ಅಷ್ಟು ಕಾದು ನಡುವಯಸ್ಸಿನಲ್ಲಿ ಬಂದವರು ಓದು, ಗೌರವ ಎಲ್ಲ ಅಲ್ಲೇ ಬಿಟ್ಟು ಇಡೀ ದಿನ ಇನ್ನೊಬ್ಬರ ಉಗುರು ತಿದ್ದುತ್ತಾ ಕೂರುತ್ತಾರೆ. ಮನೆಗೆ ದುಡ್ಡು ಕಳಿಸಬೇಕು, ಇಂಗ್ಲಿಷ್ ಬಾರದು, ಮಕ್ಕಳು ವಿಯೆಟ್ನಾಮೀಸ್ ಮರೆಯುತ್ತಾರೆ. ಇವರಿಗೆ ಬೇಕಿರುವುದು ಕೆಲಸ ಬಿಡಿಸದ ಸಂಜೆಯ ಅಪಾಯಿಂಟ್‌ಮೆಂಟು, ಅವರ ಭಾಷೆ ಬಲ್ಲ ಕೌನ್ಸೆಲರ್. ಅಂಥವರು ಸಾಲದು ಅನ್ನೋದೇ ನನಗೆ ದೊಡ್ಡ ಸಂಕಟ.

ಮೊದಲನೆಯವರು: ಮೇಡಂ, ಒಂದು ಮಾತು ಬರೆಯೋಕೆ ಹಿಂಜರಿದಿದ್ದೆ. ಅಜ್ಜಿ ಮೊನ್ನೆ ಅರ್ಧಂಬರ್ಧ ಇಂಗ್ಲಿಷಲ್ಲಿ ‘ನಾನು ಹೋದರೆ ಮಕ್ಕಳಿಗೆ ಸುಲಭ’ ಅಂದರು. ಮಾತ್ರೆ ಕೊಡಿಸಬಹುದಾ?

ಉತ್ತರ: ಮಾತ್ರೆ ಆಮೇಲೆ. ಇವತ್ತೇ ಹೋಗಿ, ದುಭಾಷಿಯನ್ನು ಫೋನಿನಲ್ಲಿಟ್ಟುಕೊಂಡು, ‘ಸಾಯಬೇಕು ಅನ್ನಿಸುತ್ತಾ, ಅದಕ್ಕೆ ಏನಾದರೂ ಯೋಚಿಸಿದ್ದೀರಾ’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇರುತ್ತಾರೆ, ವಿಯೆಟ್ನಾಮೀಸ್ ಬೇಕು ಅಂದರೆ ದುಭಾಷಿಯನ್ನು ಸೇರಿಸುತ್ತಾರೆ. ಪ್ರಾಣಕ್ಕೇ ಅಪಾಯ ಅನ್ನಿಸಿದರೆ ತುರ್ತು ಸೇವೆಯ 911. ಇಲ್ಲ ಅಂದರೂ ಅವರ ಮಾಮೂಲಿ ಡಾಕ್ಟರಿಗೆ ಇವತ್ತೇ ತಿಳಿಸಿ. ಅಜ್ಜಿಗೆ ನಂಬಿಕೆ ಇರೋದು ಆ ಡಾಕ್ಟರ ಮೇಲೆ, ಚಿಕಿತ್ಸೆ ಅಲ್ಲಿಂದಲೇ ಶುರುವಾದರೆ ಒಳ್ಳೆಯದು. ಮಾತ್ರೆ ಕೊಟ್ಟಾಗ ‘ಉಷ್ಣ’ ಅಂತ ಅರ್ಧಕ್ಕೆ ಬಿಡುವವರು ಅವರಲ್ಲೂ ಇದ್ದಾರೆ, ಕಡಿಮೆ ಡೋಸಿನಿಂದ ಶುರುಮಾಡಿ ಅಂತ ಹೇಳಿ, ಮನೆಯ ಗಿಡಮೂಲಿಕೆ ಏನೇನಿದೆ ಕೇಳಿ ಬರೆದುಕೊಳ್ಳಿ. ಹೋಗಿ ಬಂದ ಕೂಡಲೇ ನನಗೆ ಮೆಸೇಜ್ ಹಾಕಿ.