ಕೈ ಬಿಟ್ಟರೂ ರಡ್ಡರ್ ಕುಣಿಯುವ ಜಾಯ್‌ಸ್ಟಿಕ್: ಹೊಸದು ಕೊಳ್ಳದೆ ದಾರಿ ಇದೆಯೇ?

ಪ್ರಶ್ನೆ: ಅಗ್ಗದ ಜಾಯ್‌ಸ್ಟಿಕ್, ಕೋಲು ತಿರುಚಿದರೆ ರಡ್ಡರ್ (ವಿಮಾನದ ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಭಾಗ). ಈಗ ಮುಟ್ಟದಿದ್ದರೂ ರಡ್ಡರ್ ಎಡಬಲ ಹಾರುತ್ತಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಇಳಿಸುವಾಗ ಮೂತಿ ನೇರ ನಿಲ್ಲುವುದಿಲ್ಲ. ಅನುಭವ ಇದ್ದವರು ತಿಳಿಸಿ.

ಉತ್ತರ 1: ಮೊದಲು ಸಿಮ್ಯುಲೇಟರ್ ಮುಚ್ಚಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜಾಯ್ ಡಾಟ್ ಸಿಪಿಎಲ್ (joy.cpl) ಎಂದು ಟೈಪ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಕೋಲು ಮುಟ್ಟಬೇಡಿ. ಅಲ್ಲೂ ತಿರುಚನ್ನು ತೋರಿಸುವ ರೊಟೇಶನ್ ಪಟ್ಟಿ ನಡುಗಿದರೆ ಬಹುಮಟ್ಟಿಗೆ ಒಳಗಿನ, ಕೋಲು ತಿರುಚಿದಷ್ಟನ್ನು ಅಳೆಯುವ ಬಿಡಿಭಾಗವಾದ ಪೊಟೆನ್ಷಿಯೋಮೀಟರ್‌ನದೇ ದೋಷ. ಅದರ ಇಂಗಾಲದ ಪಟ್ಟಿಯ ನಡುಭಾಗದಲ್ಲೇ ವೈಪರ್ (ಪಟ್ಟಿಯ ಮೇಲೆ ಜಾರುವ ಲೋಹದ ತುದಿ) ಸದಾ ಆಡುವುದರಿಂದ ಅಲ್ಲೇ ಮೊದಲು ಸವೆಯುತ್ತದೆ, ಧೂಳೂ ಅಲ್ಲೇ ಕೂರುತ್ತದೆ. ತುದಿಗೆ ತಿರುಚಿ ಹಿಡಿದಾಗ ಪರದೆಯ ಪಟ್ಟಿ ಅಲುಗದೆ ನಿಂತರೆ ಖಾತ್ರಿ.

ಉತ್ತರ 2: ಯುಎಸ್‌ಬಿ ಕಿತ್ತು ಬಿಚ್ಚಿ. ಕೆಲವು ಸ್ಕ್ರೂ ತಳದ ರಬ್ಬರ್ ಕಾಲಿನಡಿ ಅಡಗಿರುತ್ತವೆ. ವೈರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪಾಟ್‌ನ (ಪೊಟೆನ್ಷಿಯೋಮೀಟರ್‌ನ) ಲೋಹದ ಕವಚದಲ್ಲಿ, ಮೂರು ಕಾಲುಗಳ ಮೇಲೆ, ಸಣ್ಣ ಸಂದು ಕಾಣುತ್ತದೆ. ಅದರೊಳಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಸಲ ಚಿಮುಕಿಸಿ, ತುದಿಯಿಂದ ತುದಿಗೆ 30–40 ಸಲ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ದಯವಿಟ್ಟು ಬೇಡ, ಅದರ ಜಿಡ್ಡಿಗೆ ಧೂಳು ಮತ್ತೆ ಅಂಟುತ್ತದೆ. ಇಂಗಾಲದ ಪಟ್ಟಿ ನಿಜಕ್ಕೂ ಸವೆದಿದ್ದರೆ ನಡುಕ ಮರಳಿ ಬರುತ್ತದೆ. ಆಗ ಪಾಟ್ ಬದಲಿಸುವುದೇ ಸರಿ. ಮೇಲೆ ಬಿ10ಕೆ ಎಂದಿದ್ದರೆ 10 ಕಿಲೋಓಮ್, ಲೀನಿಯರ್ (ತಿರುಗಿಸಿದ ಪ್ರಮಾಣದಲ್ಲೇ ರೋಧ ಬದಲಾಗುವಂಥದ್ದು). ಹಾಗಲ್ಲದ ಎ10ಕೆ ತಂದರೆ ನಡು ಒಂದು ಕಡೆಗೆ ವಾಲುತ್ತದೆ. ಬೆಂಗಳೂರಿನವರಾದರೆ ಹಳೆಯದನ್ನೇ ಎಸ್‌ಪಿ ರೋಡಿಗೆ ಒಯ್ದು ದಂಡದ ಉದ್ದ, ಆಕಾರ ತಾಳೆ ನೋಡಿ ತನ್ನಿ.

ಉತ್ತರ 3: ಬಿಚ್ಚಲು ಧೈರ್ಯ ಸಾಲದಿದ್ದರೆ ಸಿಮ್ಯುಲೇಟರ್‌ನಲ್ಲಿ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಿಸದ ವಲಯ) ಕೊಡಿ, ಆದರೆ ರಡ್ಡರ್ ಆಕ್ಸಿಸ್‌ಗೆ ಮಾತ್ರ. ನಡುಕ ಮರೆಯಾಗುವವರೆಗೆ ಒಂದೊಂದೇ ಶೇಕಡಾ ಏರಿಸಿ. 10 ದಾಟಿದರೆ ರನ್‌ವೇ ಮೇಲೆ ಸಣ್ಣ ತಿದ್ದುಪಡಿ ಕಷ್ಟ. ಮೂತಿ ಏರಿಳಿಸುವ ಎಲಿವೇಟರ್, ರೆಕ್ಕೆ ವಾಲಿಸುವ ಏಲೆರಾನ್‌ಗೆ 2–3 ಸಾಕು. ಅವಕ್ಕೂ ಹೆಚ್ಚಿಸಿದರೆ ಫ್ಲೇರ್ ಮಾಡುವಾಗ (ನೆಲ ಮುಟ್ಟುವ ಮುನ್ನ ಮೂತಿ ತುಸು ಎತ್ತುವಾಗ) ಮೊದಲು ಏನೂ ಆಗದೆ, ಆಮೇಲೆ ಮೂತಿ ದಿಢೀರ್ ಏಳುತ್ತದೆ.

ಉತ್ತರ 4: ಮೇಲಿನವರ ಮಾತಿಗೆ ಒಂದು ಸೇರಿಕೆ. ಟ್ರಿಮ್ ಅನ್ನು (ಕೋಲು ಹಿಡಿದೇ ಇರದೆ ಮೂತಿ ಅದೇ ಮಟ್ಟದಲ್ಲಿ ನಿಲ್ಲಿಸುವ ವ್ಯವಸ್ಥೆ) ಗುಂಡಿಗಳಿಗೆ ಕೊಟ್ಟುಕೊಳ್ಳಿ. ನಿಜವಾದ ಸೆಸ್ನಾದಲ್ಲಿ ಟ್ರಿಮ್ ಮಾಡಿದಾಗ ಕೈಗೆ ಬೀಳುವ ಒತ್ತಡ ಇಳಿಯುತ್ತದೆ, ಯೋಕ್ (ವಿಮಾನದ ಹಿಡಿ) ಇದ್ದಲ್ಲೇ ಇರುತ್ತದೆ. ಸ್ಪ್ರಿಂಗ್ ಕೋಲು ಹಾಗಲ್ಲ: ಟ್ರಿಮ್ ಒತ್ತುತ್ತಾ ಕೋಲನ್ನು ಮೆಲ್ಲಗೆ ನಡುವಿಗೆ ಬಿಡಬೇಕು. ಒಂದು ಒತ್ತು, ಒಂದಿಷ್ಟು ಬಿಡು, ವೇರಿಯೋಮೀಟರ್ (ಏರುವ, ಇಳಿಯುವ ವೇಗ ತೋರಿಸುವ ಮೀಟರ್) ಮುಳ್ಳು ನಿಲ್ಲುವವರೆಗೆ ಕಾಯಿರಿ, ಮತ್ತೆ ಒತ್ತು.