ಸಹಾಯ ಬೇಕು: ಹಕ್ಕಿಗಿಟ್ಟ ಕಾಳು ಅಳಿಲಿನ ಪಾಲಾಗ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ. ಹಿತ್ತಲಲ್ಲಿ ಕಬ್ಬಿಣದ ಕಂಬಕ್ಕೆ ಹಕ್ಕಿಗಳಿಗೆ ಅಂತ ಕಾಳಿನ ಡಬ್ಬ ನೇತುಹಾಕಿದ್ದೇವೆ. ಕೆಂಪು ಕಾರ್ಡಿನಲ್ ಬರುತ್ತೆ, ಚಿಕಡೀ ಬರುತ್ತೆ. ಊರಿಂದ ಬಂದಿರೋ ಅಮ್ಮನಿಗೆ ಅವನ್ನ ನೋಡ್ತಾ ಕಾಫಿ ಕುಡಿಯೋದೇ ಖುಷಿ. ಆದರೆ ಇಲ್ಲಿನ ಬೂದು ಅಳಿಲುಗಳು ಬಿಡ್ತಿಲ್ಲ. ನಮ್ಮೂರಿನ ಮೂರು ಗೆರೆಯ ಪುಟ್ಟ ಅಳಿಲಲ್ಲ ಇವು, ಅದರ ನಾಲ್ಕೈದು ಪಟ್ಟು ತೂಕ. ಹಿಂಗಾಲಲ್ಲಿ ಕೊಕ್ಕೆ ಹಿಡಿದು ತಲೆಕೆಳಗಾಗಿ ಜೋತುಬಿದ್ದು ಸೂರ್ಯಕಾಂತಿ ಬೀಜವನ್ನೆಲ್ಲ ಖಾಲಿ ಮಾಡ್ತವೆ.

ಕಾಳಿಗೆ ಖಾರದ ಪುಡಿ ಬೆರೆಸಿ ನೋಡಿದೆ. ಹಕ್ಕಿಗೆ ಖಾರ ಗೊತ್ತಾಗಲ್ಲ, ಅಳಿಲಿಗೆ ಗೊತ್ತಾಗುತ್ತೆ. ಆದರೆ ಒಂದು ಮಳೆಗೆ ಎಲ್ಲ ತೊಳೆದುಹೋಯ್ತು. ಕಂಬಕ್ಕೆ ಗ್ರೀಸ್ ಸವರಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ, ಹಕ್ಕಿ ರೆಕ್ಕೆಗೆ ಅಂಟಿದರೆ ಪಾಪ ಹಾರೋದೇ ಕಷ್ಟ. ಕುಸುಬೆ ಹಾಕಿದರೆ ಅಳಿಲು ಅಷ್ಟಾಗಿ ಮುಟ್ಟಲ್ಲ, ಕಾರ್ಡಿನಲ್ ತಿನ್ನುತ್ತೆ ಅಂತಾರೆ. ಹಾಕಿ ನೋಡಿದವರು ಇದ್ದೀರಾ?

ಡಬ್ಬದ ಕೆಳಗೆ ಕಂಬಕ್ಕೆ ಅಗಲವಾದ ತಗಡಿನ ಕೊಳವೆ ತೊಡಿಸಿ, ಮೇಲ್ತುದಿ ಮುಚ್ಚೋ ಯೋಚನೆ ಇದೆ. ಎಷ್ಟು ಎತ್ತರದಲ್ಲಿ ಕಟ್ಟಬೇಕು? ಬೇಲಿ ಎಂಟಡಿ ದೂರದಲ್ಲಿದೆ, ಅಲ್ಲಿಂದಲೇ ನೆಗೆದುಬಿಡುತ್ತಾ? ಮನೆಯಲ್ಲೇ ಮಾಡಿಕೊಂಡಿರೋರು ಒಂದು ಫೋಟೋ ಹಾಕಿ, ತುಂಬಾ ಉಪಕಾರ ಆಗುತ್ತೆ.