ಕುಲುಕಾಟ ಹೆಚ್ಚಾದಾಗ ಇಂಜಿನ್ ಸದ್ದು ಯಾಕೆ ಒಂದೇ ಸಮ ಆಗುತ್ತದೆ?

ಕಿಟಕಿ ಸೀಟು:
ರೆಕ್ಕೆಯ ಪಕ್ಕ ಕೂತಿದ್ದೆ. ವಿಮಾನ ಸಣ್ಣಗೆ ಅಲುಗಾಡುವಾಗ ಇಂಜಿನ್ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು. ಜೋರು ಕುಲುಕಾಟ ಶುರುವಾದ ಮೇಲೆ ಸದ್ದು ಒಂದೇ ಸಮ! ಇಂಜಿನ್ ಬಲವನ್ನು ತಾನಾಗಿ ಹೆಚ್ಚುಕಡಿಮೆ ಮಾಡಿ ವೇಗ ಕಾಯುವುದು ಆಟೋಥ್ರಾಟಲ್ ತಾನೆ? ಆಗ ಅದರ ಕೆಲಸ ಜಾಸ್ತಿ ಆಗಬೇಕಲ್ವಾ?

ಹಳೇ 737:
ನಿಮ್ಮ ಕಿವಿ ಚುರುಕಾಗಿದೆ. ಪೈಲಟ್ ಆಟೋಥ್ರಾಟಲ್ ಆಫ್ ಮಾಡಿರಬೇಕು. ಬೋಯಿಂಗ್ 737 ಹಾರಿಸುವಾಗ ನಾನೂ ಅದನ್ನೇ ಮಾಡುತ್ತಿದ್ದೆ.

ಎದುರುಗಾಳಿಯ ಒಂದು ಹೊಡೆತ ಬಿದ್ದರೆ, ಗಾಳಿಗೆ ಹೋಲಿಸಿ ಅಳೆಯುವ ಸ್ಪೀಡ್ 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ಏರಿದಂತೆ ಕಾಣುತ್ತದೆ. ಆದರೆ 60 ಟನ್ ವಿಮಾನ ಅಷ್ಟು ಬೇಗ ತನ್ನ ಓಟ ಬದಲಿಸುವುದಿಲ್ಲ. ಬದಲಾಗಿದ್ದು ಗಾಳಿ. ಅದಕ್ಕೇ ಆಟೋಥ್ರಾಟಲ್ ಆ ಅಂಕಿಯೊಂದನ್ನೇ ನಂಬುವುದಿಲ್ಲ. ವಿಮಾನ ನಿಜಕ್ಕೂ ಮುಂದಕ್ಕೆ ನುಗ್ಗುತ್ತಿದೆಯಾ ಅಂತ ಆಕ್ಸೆಲೆರೋಮೀಟರ್ (ವೇಗ ಬದಲಾಗುವುದನ್ನು ಅಳೆಯುವ ಉಪಕರಣ) ಲೆಕ್ಕವನ್ನೂ ಬೆರೆಸಿ ನೋಡುತ್ತದೆ. ಬಂದು ಹೋಗುವ ಹೊಡೆತವನ್ನು ಆದಷ್ಟು ಬಿಟ್ಟುಬಿಡುತ್ತದೆ, ನಿಧಾನಕ್ಕೆ ಜಾರುವ ವೇಗವನ್ನು ಸರಿ ಮಾಡುತ್ತದೆ.

ಹೊಡೆತಗಳು ದೊಡ್ಡದಾದರೆ ಈ ಜಾಣತನ ಸಾಲುವುದಿಲ್ಲ. ಜೆಟ್ ಇಂಜಿನ್ ಸ್ವಲ್ಪ ಸೋಮಾರಿ. ಐಡಲ್‌ನಿಂದ, ಅಂದರೆ ತೀರಾ ಕಡಿಮೆ ಬಲದಿಂದ, ಟೇಕಾಫ್ ಬಲದ 95%ಕ್ಕೆ ಏರಲು ನಿಯಮವೇ 5 ಸೆಕೆಂಡ್ ಕೊಟ್ಟಿದೆ. ಕೇಳಿದ ಬಲ ಬರುವಷ್ಟರಲ್ಲಿ ಗಾಳಿ ತಿರುಗಿರುತ್ತದೆ. ಆಗ ಕಡಿಮೆ ಮಾಡು, ಮತ್ತೆ ಏರಿಸು. ಇಂಜಿನ್ ರೆಕ್ಕೆಯ ಕೆಳಗಿರುವುದರಿಂದ ಬಲ ಏರಿದಾಗಲೆಲ್ಲ ಮೂತಿಯೂ ಮೇಲೇಳುತ್ತದೆ. ಕುಲುಕಾಟಕ್ಕೆ ನಾವೇ ಇನ್ನಷ್ಟು ಸೇರಿಸಿದ ಹಾಗೆ.

ಅದಕ್ಕೇ ತೀವ್ರ ಟರ್ಬುಲೆನ್ಸ್‌ನಲ್ಲಿ (ಕುಲುಕಾಟದಲ್ಲಿ) ಆಟೋಥ್ರಾಟಲ್ ಬಿಡಿಸಿ, ಕೈಪಿಡಿಯ ಪಟ್ಟಿಯಲ್ಲಿರುವ ಎನ್1 (ಇಂಜಿನ್ ಫ್ಯಾನ್ ತಿರುಗುವ ವೇಗ) ಇಟ್ಟು, ಬಲ ಹೆಚ್ಚುಕಡಿಮೆ ಮಾಡುವ ಲಿವರ್ ಮುಟ್ಟದೆ ಸುಮ್ನೆ ಕೂರುವುದು. 737ರಲ್ಲಿ ಗುರಿ 280 ನಾಟ್ ಅಥವಾ ಮ್ಯಾಕ್ 0.76 (ಶಬ್ದದ ವೇಗದ 76%), ಯಾವುದು ಕಡಿಮೆಯೋ ಅದು. ವೇಗ ಆಚೀಚೆ ಆಡುತ್ತದೆ, ಆಡಲಿ. ಹೊಸದರಲ್ಲಿ ನನ್ನ ಕೈ ತಡೆಯುತ್ತಿರಲಿಲ್ಲ. ಪಕ್ಕದ ಕ್ಯಾಪ್ಟನ್ ಎರಡು ಸಲ ಕೈ ತಟ್ಟಿದ್ದರು.

ಕಿಟಕಿ ಸೀಟು:
ಇಳಿಯುವಾಗಲೂ ಹೀಗೇನಾ ಸರ್?

ಹಳೇ 737:
ಇಲ್ಲ, ಅಲ್ಲಿ ವೇಗ ಬಿದ್ದರೆ ಕಷ್ಟ. ಥ್ರಸ್ಟ್ (ಇಂಜಿನ್ ಬಲ) ನಾವೇ ಕೈಯಿಂದ ನಡೆಸುತ್ತಿದ್ದರೆ ಎದುರುಗಾಳಿಯ ಅರ್ಧ, ಗಸ್ಟ್ (ದಿಢೀರ್ ಗಾಳಿ ಹೊಡೆತ) ಪೂರ್ತಿ, ಒಂದು ಮಿತಿಯವರೆಗೆ ವೇಗಕ್ಕೆ ಸೇರಿಸುತ್ತೇವೆ. ಆಟೋಥ್ರಾಟಲ್ ಇದ್ದರೆ ಬರೀ 5 ನಾಟ್.

ಸೈಡ್‌ಸ್ಟಿಕ್:
ನಾನು ಹಾರಿಸುವ ಏರ್‌ಬಸ್ ಎ320ರಲ್ಲಿ ಅಪ್ರೋಚ್‌ಗೆ, ಅಂದರೆ ಇಳಿಯಲು ರನ್‌ವೇ ಕಡೆ ಬರುವಾಗ, ಆಟೋಥ್ರಸ್ಟ್ (ನಮ್ಮ ಆಟೋಥ್ರಾಟಲ್) ಇಟ್ಟುಕೊಳ್ಳುತ್ತೇವೆ. ಎದುರುಗಾಳಿ ಏರಿದರೆ ಗುರಿವೇಗವನ್ನು ವಿಮಾನದ ಕಂಪ್ಯೂಟರೇ ಏರಿಸುತ್ತದೆ. ಆದರೆ ನಮ್ಮ ಲಿವರ್‌ಗಳು ತಾವಾಗಿ ಅಲ್ಲಾಡುವುದಿಲ್ಲ. ನಿಮ್ಮ 737ರಲ್ಲಿ ಲಿವರ್ ಕೈಗೆ ತಾಗಿ ಹೇಳುವುದನ್ನು ನಾವು ಎನ್1 ನೋಡಿಯೇ ತಿಳಿಯಬೇಕು. ಇದೊಂದು ವಿಷಯಕ್ಕೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.